ಒಲೆಯ ಮೇಲಿನಿಂದ ಶುರುವಾಗುವ ಪಟ್ಟಿ

ಅರ್ಜಿ ಕಾಕಾರ ಎಡಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕಪ್ಪಗಿರುತ್ತಿತ್ತು. ಜೊಂಡಿನ ಲೇಖಣಿಯನ್ನು ಚಾಕುವಿನಿಂದ ಕೆತ್ತಿ, ಮಸಿಯಲ್ಲಿ ಅದ್ದಿ, ಮೊದಲ ಗೆರೆಯನ್ನು ಆ ಉಗುರಿನ ಮೇಲೆ ಎಳೆದು ನೋಡುವರು. "ಕಾಗದಕ್ಕ ರೊಕ್ಕ ಬೀಳತೈತಿ, ಉಗುರು ಫುಕಟ" ಎನ್ನುವರು.

ಇಳಕಲ್ಲಿನ ನಮ್ಮ ಓಣಿಯ ಕೊನೆಯ ಮನೆ ಅವರದು. ಹುನಗುಂದದ ಕಚೇರಿ ಕಟ್ಟೆಯ ಮೇಲೆ ಕುಳಿತು ಮಂದಿಯ ಅರ್ಜಿ ಬರೆಯುವುದು ಅವರ ಕೆಲಸ. ನಸುಕಿನ ನಮಾಜು ಮುಗಿಸಿ, ಬಗಲಲ್ಲಿ ಕಾಗದದ ಗಂಟು ಇಟ್ಟುಕೊಂಡು, ಕಾಲಿನ ಜೋಡು ಚರ್ರೆನಿಸುತ್ತ ಹೊರಡುವರು. ನಾನು ಲಿಂಗಪೂಜೆಗೆ ಕೂಡುತ್ತಿದ್ದುದೂ ಆ ಸಪ್ಪಳಕ್ಕೇ. ಈಗಲೂ ಪೂಜೆಗೆ ಕೂತಾಗ ಒಂದು ಕಿವಿ ಓಣಿಯ ಕಡೆಗಿರುತ್ತದೆ. ಶಿವ ತಪ್ಪು ತಿಳಿಯಲಿಕ್ಕಿಲ್ಲ.

ನಮ್ಮ ಮನೆಯಲ್ಲಿ ಎರಡು ಮಗ್ಗ. ಯಜಮಾನರು ಸಾವಕಾರರಿಂದ ರೇಷ್ಮೆ ಉದ್ದರಿ ತಂದು, ಸೀರೆ ನೇಯ್ದು ಮಾರಿ ತೀರಿಸುತ್ತಿದ್ದರು. ಪ್ಲೇಗು ಬಂದ ವರ್ಷ ಊರಿಗೆ ಊರೇ ಹೊಲದ ಗುಡಿಸಲು ಸೇರಿತು. ಮದುವೆಗಳು ನಿಂತವು. ಸೀರೆ ಕೇಳುವವರಿಲ್ಲ. ಮನೆಯ ನಾಲ್ಕೂ ಮಂದಿ ಜೀವ ಉಳಿಸಿಕೊಂಡು ಹೊರಳಿ ಬಂದೆವು, ಅದೇನು ಸಣ್ಣ ಕೃಪೆಯಲ್ಲ. ಆದರೆ ಮಡಚಿಟ್ಟ ಸೀರೆಗಳಲ್ಲಿ ಅರ್ಧದಷ್ಟನ್ನು ಇಲಿಗಳು ಕಡಿದಿದ್ದವು. ಒಬ್ಬ ಸಾವಕಾರರು ಕೋರ್ಟಿನಿಂದ ಹುಕುಂ ತಂದರು. ದುಡ್ಡು ಕಟ್ಟಬೇಕು, ಇಲ್ಲವೇ ಯಜಮಾನರು ಬಾಗಲಕೋಟೆಯಲ್ಲಿ ಸೆರೆ ಸೇರಬೇಕು.

ಸುದ್ದಿ ಕೇಳಿ ಕಾಕಾ ತಾವಾಗಿಯೇ ಬಂದರು. "ನಾದಾರಿ ಅರ್ಜಿ ಹಾಕೋಣು."

"ದಿವಾಳಿ ಎದ್ದ ಅಂತ ಮಂದಿ ಮುಖಕ್ಕ ಉಗುಳತಾರ್ರಿ, ಕಾಕಾ" ಎಂದರು ನಮ್ಮವರು.

"ಉಗುಳಿದ್ದು ನೀರಿಲೆ ತೊಳದ್ರ ಹೋಗತೈತಿ. ಜೇಲಿನಾಗ ಕೂತು ಸೀರಿ ಹ್ಯಾಂಗ ನೇಯ್ತಿ? ನಿನ್ನ ಕಡೆ ಇದ್ದದ್ದೆಲ್ಲಾ ಕೋರ್ಟಿನ ಮುಂದ ಬಿಚ್ಚಿ ಇಡು. ಅವರು ಮಾರಿ, ಸಾಲ ಕೊಟ್ಟವರಿಗೆಲ್ಲಾ ಪಾಲಿನಂಗ ಹಂಚತಾರ. ಅಷ್ಟು ರೊಕ್ಕ ಸಾಲಲಿಲ್ಲ ಅಂದ್ರೂ, ಖರೆ ಹೇಳಿದವನನ್ನ ಒಳಗ ಹಾಕಂಗಿಲ್ಲ. ಇಷ್ಟ ಐತಿ ನೋಡು ಕಾಯಿದೆ."

ಮರುದಿನ ಮಧ್ಯಾಹ್ನ ಪಟ್ಟಿ ಬರೆಯಲು ಹೊಸ್ತಿಲ ಹೊರಗೆ ಚಾಪೆ ಹಾಕಿ ಕೂತರು. ನಾನು ಪೆಟ್ಟಿಗೆಯ ಕೀಲಿ ತೆಗೆಯಹೋದೆ.

"ಪೆಟಗಿ ಎಲ್ಲಿ ಓಡಿ ಹೊಂಟೈತಿ? ಬೇಟಿ, ಒಲಿ ಮ್ಯಾಲಿಂದ ಹೇಳು."

"ಒಲಿ ಮ್ಯಾಲೆ ಏನೈತ್ರಿ, ರೊಟ್ಟಿ ಹಂಚು."

"ಬರದೆ. ಅದು ನಿಂದು, ಯಾರೂ ಒಯ್ಯಂಗಿಲ್ಲ. ಮುಂದ?"

ಅನ್ನದ ಗಡಿಗೆ, ನೀರಿನ ಕೊಡ, ಹಾಸುವ ಕೌದಿ, ಉಟ್ಟ ಬಟ್ಟೆ. ಒಂದೊಂದಕ್ಕೂ "ಅದು ನಿಂದು, ಮುಂದ?" ಎನ್ನುತ್ತ ಹೋದರು. ಕಣ್ಣು ತಗ್ಗಿಸಿ, ಎರಡು ಮಗ್ಗ ಎಂದೆ. "ಕೈಕಸುಬಿನವನ ಹತ್ಯಾರ ಮುಟ್ಟಂಗಿಲ್ಲ ಬೇಟಿ, ಅದೂ ನಿಂದ" ಎಂದರು. ಗೋಡೆಗೆ ಒರಗಿ ಕೂತಿದ್ದ ಯಜಮಾನರು ಎಂಟು ದಿನಗಳಲ್ಲಿ ಮೊದಲ ಸಲ ತಲೆ ಎತ್ತಿದರು. ಆಮೇಲೆ ಹೋಗುವ ಸಾಮಾನುಗಳ ಪಾಳಿ ಬಂತು. ಸೀರೆಗಳು, ಆಕಳು, ನನ್ನ ಕಾಲಿನ ಬೆಳ್ಳಿ. ಉಳಿಯುವುದನ್ನು ಅಷ್ಟು ಹೊತ್ತು ಎಣಿಸಿದ್ದೆನಲ್ಲ, ಇವನ್ನು ಹೇಳಲು ಬಾಯಿ ತಡವರಿಸಲಿಲ್ಲ.

ಕಡೆಗೆ ಎಲ್ಲವನ್ನೂ ಓದಿದರು. "ಇದರ ಹೊರತು ನಮ್ಮದೆಂಬುದು ಏನೂ ಇಲ್ಲ, ದೇವರ ಸಾಕ್ಷಿ." ಓದು ಅಲ್ಲಿಗೆ ನಿಲ್ಲಿಸಿ ನನ್ನನ್ನು ನೋಡಿದರು.

"ಬೇಟಿ, ಈ ಸಾಲು ಓದೂ ಹೊತ್ತಿನಾಗ ಮಗ್ಗದ ಕಡೆ ಯಾಕ ನೋಡಿದಿ?"

ನನಗೆ ಅಳು ಬಂತು. ತವರಿನಿಂದ ಬಂದ ಬೆಳ್ಳಿಯ ಕರಡಿಗೆಯೊಳಗಿನ ಲಿಂಗವನ್ನು ಅರಿವೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು, ಕರಡಿಗೆಯನ್ನು ಮಗ್ಗದ ಹಾಸುನೂಲಿನ ಸುತ್ತಿನೊಳಗೆ ಅಡಗಿಸಿದ್ದೆ. ಯಜಮಾನರಿಗೂ ಹೇಳಿರದಿದ್ದುದನ್ನು ಈಗ ಹೇಳಿದೆ.

"ಏನ್ ಮಾಡಿದಿ ಇದನ್ನ!" ಎಂದು ಯಜಮಾನರು ಎದ್ದೇಬಿಟ್ಟರು.

"ಅದು ದೇವರ ಮನಿ. ಹರಾಜಿಗೆ ಹ್ಯಾಂಗ ಬರಸಲಿ?"

ಕಾಕಾ ಸಿಟ್ಟಾಗಲಿಲ್ಲ. ಲೇಖಣಿಯನ್ನು ಮತ್ತೆ ಅದ್ದಿ ಉಗುರಿನ ಮೇಲೆ ಗೆರೆ ಎಳೆದರು. "ಮುಚ್ಚಿಟ್ಟಿದ್ದು ಗೊತ್ತಾತಂದ್ರ ಅರ್ಜಿ ವಜಾ, ನಿನ್ನ ಗಂಡ ಒಳಗ. ನಿನ್ನ ಶಿವಗ ಗೊತ್ತೈತಿ, ನನ್ನ ಅಲ್ಲಾಗ ಗೊತ್ತೈತಿ. ಕೋರ್ಟಿಗೆ ಅಷ್ಟ ಗೊತ್ತಿಲ್ಲ. ಪಾಪ, ಅದಕ್ಕೂ ಹೇಳಿಬಿಡೋಣು."

ಅಳುತ್ತಲೇ ನಕ್ಕೆ. ಹಾಸು ಬಿಚ್ಚಿ ಕರಡಿಗೆ ತಂದಿಟ್ಟೆ.

ಬಾಗಲಕೋಟೆಯಲ್ಲಿ ಆದದ್ದನ್ನು ಯಜಮಾನರೇ ಬಂದು ಹೇಳಿದರು. ಸಾವಕಾರರ ವಕೀಲ ಎದ್ದು, "ಇವರ ಮನಿಯಾಗ ಬೆಳ್ಳಿ ಕರಡಿಗಿ ಐತಿ, ಅದನ್ನ ತೊಳದುಕೊಟ್ಟ ಅಕ್ಕಸಾಲಿ ಪತ್ತಾರನ್ನ ಕರಕೊಂಡ ಬಂದೇನ್ರಿ" ಎಂದನಂತೆ. ಕೋರ್ಟಿನ ಸಾಹೇಬರು ಅರ್ಜಿಯ ಹಾಳೆ ತಿರುವಿದರು. ಕಾಕಾರ ದುಂಡನೆಯ ಅಕ್ಷರದಲ್ಲಿ ಕಟ್ಟಕಡೆಗೆ ಕರಡಿಗೆ ಇತ್ತು. ವಕೀಲ ಕೂತುಬಿಟ್ಟ. ಅರ್ಜಿ ಮಂಜೂರಾಯಿತು. ನಮ್ಮವರು ಹೋದ ಚಕ್ಕಡಿಯಲ್ಲೇ ತಿರುಗಿ ಬಂದರು.

ಕರಡಿಗೆ ಸೀರೆಗಳ ಸಂಗಡ ಹರಾಜಾಯಿತು. ಮಗ್ಗದಲ್ಲಿ ಉಳಿದಿದ್ದ ದಾಳಿಂಬೆ ಬಣ್ಣದ ಎಳೆಗಳಿಂದ ಯಜಮಾನರು ಗೇಣುದ್ದದ ಅರಿವೆ ನೇಯ್ದು ಕೊಟ್ಟರು. ಮುಂದೆ ಬೆಳ್ಳಿ ಮಾಡಿಸುವ ದಿನಗಳೂ ಬಂದವು, ನಾನೇ ಬೇಡವೆಂದೆ. ಇವತ್ತಿಗೂ ನನ್ನ ಲಿಂಗ ಆ ಅರಿವೆಯಲ್ಲೇ ಇದೆ. ಕಾಕಾ ನಮ್ಮಿಂದ ಕಾಗದದ ಕಿಮ್ಮತ್ತು ಬಿಟ್ಟು ದಮ್ಮಡಿ ಮುಟ್ಟಲಿಲ್ಲ. ಒತ್ತಾಯ ಮಾಡಿದರೆ, "ಎರಡು ರೊಟ್ಟಿ ಕಟ್ಟು. ಗುರೆಳ್ಳು ಚಟ್ನಿ ಮರೀಬ್ಯಾಡ" ಎನ್ನುವರು.

ಒಂದು ಬೇಸಿಗೆಯಲ್ಲಿ, ಎರಡು ದಿನದ ಜ್ವರಕ್ಕೆ, ಕಾಕಾ ಹೋಗಿಬಿಟ್ಟರು. ಗಂಡಸರೆಲ್ಲ ಮಣ್ಣು ಕೊಡಲು ಹೋದ ಮೇಲೆ ನಾನು ಅವರ ಮನೆಗೆ ಹೋದೆ. ಬಾಗಿಲ ಹಿಂದೆ ಅವರ ಜೋಡು ಹಾಗೇ ಇತ್ತು. ಕಾಕಾರ ಹೆಂಡತಿ ಗೋಡೆಗೆ ತಲೆಯಿಟ್ಟು ಕೂತಿದ್ದರು.

"ಎಲ್ಲಾ ಅವರ ಸಂಗಾಟ ಹೋತು, ಬೇಟಿ. ನನಗೇನ ಉಳದೈತಿ?"

ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ.

"ಕಾಕಿ, ಒಲಿ ಮ್ಯಾಲಿಂದ ಹೇಳ್ರಿ" ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಒಲೆಯ ಕಡೆ ತಿರುಗಿದರು.

"ತವಾ... ಕಲಾದಗಿ ಸಂತಿಯಾಗ ಅವರು ತಂದಿದ್ದು."

"ಅದು ನಿಮ್ದು, ಕಾಕಿ. ಮುಂದ?"