ಚಂದ್ರಶೇಖರಪ್ಪನವರ ಕಪ್ಪೆಚಿಪ್ಪು

ಚಂದ್ರಶೇಖರಪ್ಪನವರು ಕದ್ದು ಕಪ್ಪೆಚಿಪ್ಪು ತಿನ್ನುತ್ತಾರೆ ಎಂದು ಮಧು ಮನಸಾರೆ ನಂಬಿದ್ದ. ನಂಬಿ, ಒಳಗೊಳಗೇ ಖುಷಿಪಟ್ಟಿದ್ದ ಕೂಡ. ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗ, ಭದ್ರಾವತಿ ಓಲ್ಡ್ ಟೌನಿನಲ್ಲಿ ಅಜ್ಜನ ಕಾಲದ ಬಟ್ಟೆ ಅಂಗಡಿ. ಅಂಥ ಯಜಮಾನರು ಭಾನುವಾರ ಬೆಳಿಗ್ಗೆ ಮೀನು ಮಾರ್ಕೆಟ್ಟಿನಿಂದ ಒದ್ದೆ ಚೀಲ ಹಿಡಿದು ಹೊರಬಂದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಚೀಲದೊಳಗೆ ಚಿಪ್ಪುಗಳು ಲಟಲಟ ಎನ್ನುತ್ತಿದ್ದವು. ಮಧು ಅದೇ ಅಂಗಡಿಯಲ್ಲಿ ಸೀರೆ ಮಡಿಸುವ ಸಂಬಳದವನು. ಅವನ ಮನೆಯಲ್ಲೂ ಅದೇ ಲಿಂಗ, ಅದೇ ಮಡಿ. ಅವನೋ, ಬಸ್‌ಸ್ಟ್ಯಾಂಡಿನ ಗಾಡಿಯಲ್ಲಿ ಆಮ್ಲೆಟ್ ತಿಂದು, ಏಲಕ್ಕಿ ಅಗಿದು, ಅಮ್ಮನ ಎದುರು ಅರ್ಧ ಬಾಯಲ್ಲಿ ಮಾತಾಡುವ ಶೂರ. ಯಜಮಾನರೇ ಜೊತೆಗಾರರಾಗಿ ಸಿಕ್ಕರೆ ಬಿಡುತ್ತಾನೆಯೇ?

ಗಿರಾಕಿ ಇಲ್ಲದ ಹೊತ್ತು ನೋಡಿ ಪಿಸುಗುಟ್ಟಿದ: "ಯಜಮಾನ್ರೇ, ಮನೇಲಿ ಬೇಯ್ಸೋಕೆ ಕಷ್ಟ ಆದ್ರೆ ಹೇಳಿ. ನಂಗೊತ್ತಿರೋ ಒಂದು ಮಿಲಿಟ್ರಿ ಹೋಟ್ಲಿದೆ. ಹಿಂದ್ಗಡೆ ಬಾಗ್ಲೂ ಇದೆ."

"ಏನು ಬೇಯ್ಸೋದು?"

"ಅದೇ... ಚಿಪ್ಪು."

ಚಂದ್ರಶೇಖರಪ್ಪನವರು ಬಟ್ಟೆ ಅಳೆಯುವ ಕಡ್ಡಿ ಎತ್ತಿದರು. ಯಾಕೋ ಹೊಡೆಯಲಿಲ್ಲ. "ಭಾನುವಾರ ಬಾ ಮಾರಾಯ, ನಿಂಗೆ ಊಟ ಹಾಕಿಸ್ತೀನಿ" ಎಂದರು.

ಭಾನುವಾರ, ಮಧುವನ್ನು ಹಿಂದೆ ಕೂರಿಸಿಕೊಂಡ ಯಜಮಾನರ ಸ್ಕೂಟರು ಮೀನು ಮಾರುವ ಕರಿಯಮ್ಮನ ಎದುರು ನಿಂತಿತು. ಅವಳ ಮುಂದೆ ಎರಡು ಬೋಗುಣಿ, ಎರಡಕ್ಕೂ ಬೆಳಿಗ್ಗೆ ತುಂಬಿದ್ದು ಮಳೆಗಾಲದ ಕೆಂಪು ಹೊಳೆನೀರು. ಜೀವಂತ ಕಪ್ಪೆಚಿಪ್ಪು ಹಾಕಿದ್ದ ಬೋಗುಣಿಯ ನೀರು ಮಾತ್ರ ತಳ ಕಾಣುವಷ್ಟು ತಿಳಿಯಾಗಿತ್ತು.

"ಕೊಳೆ ಹೀರ್ಕೊಂಡು ತಿಳಿನೀರು ಉಗೀತವೆ ಕಣೋ. ಇದನ್ನ ನೋಡಿದ್ಮೇಲೆ ನಂಗೆ ಸುಮ್ನಿರೋಕಾಗ್ಲಿಲ್ಲ" ಎಂದರು ಯಜಮಾನರು.

ಕರಿಯಮ್ಮ ನಕ್ಕಳು. "ಎಲ್ರೂ ತಾಜಾ ಐತಾ ಅಂತ ಕೇಳ್ತಾರೆ. ಈ ಅಪ್ಪೋರು ಬದುಕೈತಾ ಅಂತ ಕೇಳ್ತಾರೆ!"

ಅಲ್ಲಿಂದ ಊರಾಚೆಯ ಕೆರೆಗೆ. ಚಂದ್ರಶೇಖರಪ್ಪನವರು ಹುಡುಗರಾಗಿದ್ದಾಗ ಈಜಿ, ತಳದ ಚಿಪ್ಪು ತಾಗಿ ಹಿಮ್ಮಡಿ ಕುಯ್ದುಕೊಂಡ ಕೆರೆ. ದಡದಲ್ಲಿ ಲೇಔಟ್ ಎದ್ದಿತು, ಮಹಡಿ ಮನೆಗಳು ಬಂದವು, ಒಂದೊಂದು ಮನೆಯ ಕಕ್ಕಸಿನ ಪೈಪೂ ನೆಟ್ಟಗೆ ನೀರಿಗೆ ಇಳಿಯಿತು. ಮೊದಲು ಚಿಪ್ಪು ಸತ್ತವು, ಆಮೇಲೆ ಮೀನು, ಆಮೇಲೆ ಹಕ್ಕಿಗಳು ಬರುವುದನ್ನೇ ಬಿಟ್ಟವು. ಮಧು ಮೂಗು ಮುಚ್ಚಿ ನಿಂತ. ಯಜಮಾನರು ಪಂಚೆ ಎತ್ತಿ ಕಟ್ಟಿ, ಮಳೆನೀರಿನ ಕಾಲುವೆ ಸೇರುವ ಮೂಲೆಯಲ್ಲಿ ಮಂಡಿಯುದ್ದ ಇಳಿದು, ಒಂದೊಂದೇ ಚಿಪ್ಪನ್ನು ಕೆಸರಿಗೆ ಊರುತ್ತಾ ಹೋದರು. ಹಿಂದೆ ಹಾಕಿದವುಗಳಲ್ಲಿ ಎಷ್ಟೋ ಬಾಯಿ ತೆರೆದು ಸತ್ತುಬಿದ್ದಿದ್ದವು. ಅವನ್ನು ಎತ್ತಿ ಎಸೆಯುತ್ತಾ ಲೇಔಟಿನವರ ಮೂರು ತಲೆಮಾರನ್ನೂ ಬೈದರು. ಆದರೂ ಆ ಮೂಲೆಯಲ್ಲಿ, ಜೊಂಡಿನ ಬುಡದಲ್ಲಿ, ಒಂದು ಪಂಚೆ ಹಾಸಿದಷ್ಟು ಅಗಲಕ್ಕೆ ನೀರು ತಿಳಿಯಾಗಿತ್ತು.

ಅಲ್ಲೊಂದು ಕೊಕ್ಕರೆ ಇಳಿದು, ಅವರು ಊರಿದ್ದ ಚಿಪ್ಪನ್ನೇ ಕಿತ್ತು ಒಡೆಯತೊಡಗಿತು. ಮಧು ಕಲ್ಲೆತ್ತಿಕೊಂಡ.

"ಹೊಡೀಬೇಡ್ವೋ! ಇದು ಕೆರೆ ಅಂತ ಅದಕ್ಕಾದ್ರೂ ನೆನಪಾಗಿದೆ."

ಊರಿಗೆ ಮಾತ್ರ ನೆನಪಾಗಲಿಲ್ಲ. ಲಿಂಗಧಾರಿ ಮೀನು ಮಾರ್ಕೆಟ್ಟಿಗೆ ಹೋಗುತ್ತಾನಂತೆ ಎಂಬ ಸುದ್ದಿ ಹೊತ್ತು ತಿರುಗಿದವರು ಅದೇ ಲೇಔಟಿನವರು. ತಮ್ಮ ಹೇಲನ್ನು ಕೆರೆಗೆ ಬಿಟ್ಟು, ದಿನಕ್ಕೆರಡು ಸಲ ಸ್ನಾನ ಮಾಡಿ, ವಿಭೂತಿ ಬಳಿದುಕೊಂಡು ಓಡಾಡುವವರಿಗೆ ಯಾವ ಮೈಲಿಗೆಯೂ ಇಲ್ಲ. ಅದನ್ನು ತೊಳೆಯುವ ಹುಳುವನ್ನು ಮುಟ್ಟಿದವನಿಗೆ ಮೈಲಿಗೆ! "ಆ ಕೈ ಮುಟ್ಟಿದ ಸೀರೆ ಬೇಡಪ್ಪ" ಎಂದು ಒಬ್ಬಳು ಮದುವೆ ಸೀರೆಯನ್ನು ಕೌಂಟರಿನಲ್ಲೇ ಬಿಟ್ಟು ಹೋದಳು. ಮಧು ಅದನ್ನು ಮಡಿಸಿ ಮತ್ತೆ ಕಪಾಟಿನಲ್ಲಿಟ್ಟ.

ಬೇಸಿಗೆ ಬರುವ ಹೊತ್ತಿಗೆ ಯಜಮಾನರ ಮಗಳು ಸ್ಪಂದನಾಳಿಗೆ ಸಂಬಂಧ ಕೂಡಿಬಂತು. ಹುಡುಗ ವಿಜಯಕುಮಾರನಿಗೆ ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸ. ಅವನ ತಂದೆ ಶಿವಶಂಕರಪ್ಪನವರ ಮನೆ ಇದ್ದದ್ದು ಆ ಲೇಔಟಿನಲ್ಲೇ, ಕೆರೆಗೆ ಬೆನ್ನು ಹಾಕಿ. ಹುಡುಗಿಗೂ ಹುಡುಗ ಹಿಡಿಸಿದ್ದ.

"ಮದ್ವೆ ಮುಗಿಯೋ ತನಕನಾದ್ರೂ ಆ ಚೀಲ ಮುಟ್ಟಬೇಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದರು ಹೆಂಡತಿ ಶಂಕರಮ್ಮ.

"ಈ ಬೇಸಿಗೇಲಿ ಕೈಬಿಟ್ರೆ ಉಳಿದವೂ ಸಾಯ್ತವೆ ಕಣೇ" ಎಂದು ಅವರು ಮತ್ತೆ ಹೋದರು.

ನಿಶ್ಚಿತಾರ್ಥದ ದಿನ ಹಣ್ಣುಕಾಯಿಯ ತಟ್ಟೆ ಹಿಡಿದು ಮಧು ಬಾಗಿಲಲ್ಲಿ ನಿಂತಿದ್ದ. ಇನ್ನೇನು ತಾಂಬೂಲ ಬದಲಾಗಬೇಕು, ಶಿವಶಂಕರಪ್ಪನವರು ಕೈ ಹಿಂದೆಗೆದರು.

"ಬೀಗ್ರೇ, ಒಂದು ಮಾತು. ನಾಲ್ಕು ಜನರೆದುರು ಆಗ್ಲಿ ಅಂತ ಕೇಳ್ತಿದೀನಿ. ನಮಗೂ ಊರಲ್ಲಿ ಒಂದು ಮರ್ಯಾದೆ ಅಂತ ಇದೆ. ಆ ಮೀನು ಮಾರ್ಕೆಟ್ಟಿಗೆ ಹೋಗೋದನ್ನ ಯಾವತ್ತು ನಿಲ್ಲಿಸ್ತೀರಿ?"

ಶಂಕರಮ್ಮ ಗಂಡನ ಮುಖ ನೋಡಿದರು. ಒಳಬಾಗಿಲಲ್ಲಿ ಸ್ಪಂದನಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. 'ಇವತ್ತೇ' ಅಂದುಬಿಡಿ ಯಜಮಾನ್ರೇ ಎಂದು ಮಧು ಮನಸ್ಸಿನಲ್ಲೇ ಬೇಡಿಕೊಂಡ.

"ನಿಮ್ಮನೆ ಕಕ್ಕಸಿನ ಪೈಪು ಕೆರೆಯಿಂದ ಕಿತ್ತ ದಿನ" ಎಂದರು ಚಂದ್ರಶೇಖರಪ್ಪನವರು.