ಕೈಕೂಸಿಗೆ ಹೆಚ್ಚು

ನಲ್ಲಂಪಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಶುರು ಮಾಡಿದಾಗ ರೇಟು ಅಂತ ಏನೂ ಇರಲಿಲ್ಲ. ಎದುರುಮನೆಯ ಟೀಚರು ತನ್ನ ಮಗುವನ್ನು ಬಿಟ್ಟು ಹೋಗುತ್ತಿದ್ದಳು, ತಿಂಗಳಾದರೆ ತೋಚಿದಷ್ಟು ಕೊಡುತ್ತಿದ್ದಳು. ಅವಳನ್ನು ನೋಡಿ ಇನ್ನೂ ಮೂವರು ಬಂದರು. ನೀನೆಷ್ಟು ಕೊಡ್ತೀಯ, ನೀನೆಷ್ಟು ಅಂತ ಅವರವರೇ ಬಾಗಿಲಲ್ಲಿ ಕೇಳಿಕೊಂಡು ನನ್ನ ಮುಖ ನೋಡತೊಡಗಿದ ಮೇಲೆ, ರಟ್ಟಿನ ಮೇಲೆ ಬರೆದು ಗೋಡೆಗೆ ಹಾಕಿಬಿಡೋಣ ಅಂತ ಒಂದು ಭಾನುವಾರ ಕೂತೆ. ಓದುವವರು ತಮಿಳಿನವರೇ, ಅದಕ್ಕೆ ತಮಿಳಲ್ಲೇ ಬರೆದೆ. ಒಂದು ವರ್ಷದೊಳಗಿನ ಕೂಸಿಗೆ ಮೂರೂವರೆ ಸಾವಿರ. ಒಂದರಿಂದ ಮೂರಕ್ಕೆ ಎರಡೂವರೆ. ಮೂರು ದಾಟಿದವಕ್ಕೆ ಎರಡು. ಸ್ಕೂಲು ಬಿಟ್ಟು ಬರುವವಕ್ಕೆ ಒಂದು ಸಾವಿರ.

ನನ್ನ ಗಂಡ ಧರ್ಮಪುರಿ–ಸೇಲಂ ಬಸ್ಸಿನ ಕಂಡಕ್ಟರು. ರಟ್ಟು ನೋಡಿ ನಕ್ಕುಬಿಟ್ಟರು.

"ಲೇ, ನಮ್ ಬಸ್ಸಲ್ಲಿ ಕೈಕೂಸಿಗೆ ಟಿಕೆಟ್ಟೇ ಇಲ್ಲ. ನೀನು ನೋಡಿದ್ರೆ ಅದುಕ್ಕೇ ಜಾಸ್ತಿ ಆಕಿದ್ದೀಯ. ಉಲ್ಟಾ ಐತಲ್ಲ!"

"ಬಸ್ಸಲ್ಲಿ ಕೂಸು ತಾಯಿ ಮಡ್ಲಲ್ಲಿ ಇರ್ತದೆ," ಅಂದೆ. "ಇಲ್ಲಿ ನನ್ ಮಡ್ಲಲ್ಲಿ."

ಅದು ಅವರಿಗೆ ಹೇಳಿದ ಕಾರಣ. ಕೂಸನ್ನು ಎತ್ತಿಕೊಂಡ ಕೈ ಬೇರೆ ಕೆಲಸಕ್ಕೆ ಬರುವುದಿಲ್ಲ, ಎರಡಕ್ಕಿಂತ ಹೆಚ್ಚು ಕೂಸು ಒಬ್ಬಳಿಂದ ಆಗುವುದಿಲ್ಲ, ಅದೂ ನಿಜವೇ. ಹೇಳದೆ ಉಳಿದದ್ದು ಇನ್ನೊಂದಿತ್ತು.

ನನ್ನ ಮಗಳು ಐದು ತಿಂಗಳಿದ್ದಾಗ ಅವಳನ್ನು ನಂಗವಳ್ಳಿಯಲ್ಲಿ ನಮ್ಮವ್ವನ ಹತ್ತಿರ ಬಿಟ್ಟು ನಾನು ಬಟ್ಟೆ ಹೊಲಿಯುವ ಕಂಪನಿಗೆ ಸೇರಿದ್ದೆ. ಮಿಶನ್ನಿನ ಮುಂದೆ ಕೂತಿದ್ದ ಹಾಗೇ ಎದೆಹಾಲು ಇಳಿದು ರವಿಕೆ ನೆನೆಯುತ್ತಿತ್ತು. ಪಕ್ಕದವರಿಗೆ ಕಾಣದಿರಲಿ ಅಂತ ಸೆರಗನ್ನು ಎರಡು ಸುತ್ತು ಸುತ್ತಿಕೊಳ್ಳುತ್ತಿದ್ದೆ. ಭಾನುವಾರ ಬಂದರೆ ತೊಪ್ಪೂರಲ್ಲಿ ಇಳಿದು ಬಸ್ಸು ಬದಲಿಸಿ ಊರಿಗೆ ಓಡುತ್ತಿದ್ದೆ. ಮಗಳು ನನ್ನನ್ನು ನೋಡಿ ಅವ್ವನ ಕತ್ತಿಗೆ ಮುಖ ಒತ್ತಿಕೊಳ್ಳುತ್ತಿದ್ದಳು. ಅವಳು ನನ್ನ ಹತ್ತಿರ ಬರಲು ಮನಸ್ಸು ಮಾಡುವ ಹೊತ್ತಿಗೆ ನನ್ನ ಬಸ್ಸಿನ ಹೊತ್ತಾಗುತ್ತಿತ್ತು. "ಬುಧವಾರ ನಾಕು ಎಜ್ಜೆ ಆಕಿದ್ಲು ಕಣೆ," ಅಂತ ಒಂದು ಭಾನುವಾರ ಅವ್ವ ಖುಷಿಯಲ್ಲಿ ಹೇಳಿದಳು. ನಾನೂ ನಕ್ಕೆ. ಆಮೇಲೆ ಹಿತ್ತಲಿಗೆ ಹೋಗಿ ಸುಮ್ಮನೆ ಪಾತ್ರೆ ತಿಕ್ಕಿದೆ. ಮೂರು ವರ್ಷ ತುಂಬಿದ ಮೇಲೆ ಅವಳನ್ನು ಕರೆತಂದೆ. ಈಗ ಅವಳು ಕಾಲೇಜು ಮುಗಿಸಿ ಕೆಲಸದಲ್ಲಿದ್ದಾಳೆ, ನನ್ನ ಮೇಲೆ ಪ್ರೀತಿ ಇದೆ. ಆದರೆ ಅವಳು ಕೈಕೂಸಾಗಿದ್ದ ಆ ದಿನಗಳು ನನ್ನ ಹತ್ತಿರ ಇಲ್ಲ. ಅದರ ಬೆಲೆ ಎಷ್ಟು ಅಂತ ನನಗೆ ಗೊತ್ತಿತ್ತು.

ರಟ್ಟು ಹಾಕಿ ಆರು ತಿಂಗಳಾಗಿರಬೇಕು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಒಬ್ಬ ತಮಿಳು ಹೆಂಗಸು ಮಗಳನ್ನು ಸೊಂಟದ ಮೇಲೆ ಹೊತ್ತು ಬಂದಳು. ಎರಡು ವರ್ಷ ನಾಲ್ಕು ತಿಂಗಳ ಹುಡುಗಿ. ಚಾಪೆಯ ಮೇಲೆ ಕೂರಿಸಿದರೆ ಪಕ್ಕಕ್ಕೆ ಒರಗಿಹೋಗುತ್ತಿದ್ದಳು. ಮಾತಿಲ್ಲ. ಕಣ್ಣು ಮಾತ್ರ ಬಾಗಿಲು, ಫ್ಯಾನು, ನನ್ನ ಮೂಗುತಿ ಎಲ್ಲವನ್ನೂ ನೋಡುತ್ತಿತ್ತು. ಅದಾಗಲೇ ಎರಡು ಕಡೆ ಬೇಡ ಅಂದಿದ್ದರಂತೆ. "ನೀಂಗಳುಂ ವೇಂಡಾಂನು ಸೊಲ್ಲಿಡಾದೀಂಗ ಅಕ್ಕಾ," ಅಂದಳು. ನೀವೂ ಬೇಡ ಅನ್ನಬೇಡಿ ಅಂತ. ಆಮೇಲೆ ರಟ್ಟು ಓದಿ, ಇವಳದು ಕೈಕೂಸಿನ ಕೆಲಸ, ಕೈಕೂಸಿನ ರೇಟೇ ತಗೊಳ್ಳಿ ಅಂತ ತಾನೇ ಹೇಳಿದಳು. ನಾನು ಒಪ್ಪಿಕೊಂಡೆ. ಅದು ನ್ಯಾಯ ಅಂತಲೇ ಅನ್ನಿಸಿತ್ತು.

ತಿಂಗಳ ಕೊನೆಗೆ ಹಣ ಕೊಡುತ್ತಾ ಅವಳು ಮತ್ತೆ ಗೋಡೆ ನೋಡಿದಳು. "ಅಕ್ಕಾ, ನಿಮ್ಮ ಬೋರ್ಡಲ್ಲಿ ನನ್ನ ಮಗಳಿಗೆ ಯಾವಾಗ ಒಂದು ವರ್ಷ ತುಂಬುತ್ತದೆ?" ಅಂತ ತಮಿಳಲ್ಲಿ ಕೇಳಿದಳು. ಕುಹಕ ಇರಲಿಲ್ಲ, ಜಗಳವೂ ಇರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದಳು. ಒಂದು ಸಾವಿರ ವಾಪಸು ಕೊಟ್ಟು, "ಅವಳಿಗೆ ಎರಡು ವರ್ಷ ಮುಗಿದಿದೆಯಲ್ಲಮ್ಮ," ಅಂದೆ. ಎರಡು ಕೂಸಿನ ಲೆಕ್ಕದಲ್ಲಿ ಇವಳೂ ಒಂದು ಅಂತ, ಆ ವಾರ ಬಂದಿದ್ದ ಹೊಸ ಕೂಸೊಂದಕ್ಕೆ ಜಾಗ ಇಲ್ಲ ಅಂದು ಕಳಿಸಿದೆ. ನಮ್ಮವರು ಎರಡು ದಿನ ಗೊಣಗಿ ಸುಮ್ಮನಾದರು.

ಬೇರೆ ಮಕ್ಕಳ ಹತ್ತಿರ ನಾನು ತಮಿಳಲ್ಲೇ ಮಾತಾಡುತ್ತೇನೆ. ಇವಳ ಕೈಕಾಲಿಗೆ ಎಣ್ಣೆ ನೀವುವಾಗ ಮಾತ್ರ ಬಾಯಿಗೆ ಕನ್ನಡವೇ ಬರುತ್ತಿತ್ತು. "ಚಾಚು ನನ್ನವ್ವ, ಕಾಲ್ ಚಾಚು. ಬಾ, ಇಂಗ್ ಬಾ." ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮವನ್ನು ಅವಳ ತಾಯಿ ನನಗೆ ಕಲಿಸಿದ್ದಳು, ದಿನಕ್ಕೆ ಮೂರು ಸಲ ಮಾಡಿಸುತ್ತಿದ್ದೆ. ಐದು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಉಳಿದ ಮಕ್ಕಳೆಲ್ಲ ಮಲಗಿದ್ದಾಗ ಅವಳಿಗೆ ಒತ್ತು ಕೊಟ್ಟಿದ್ದ ದಿಂಬು ಪಕ್ಕಕ್ಕೆ ಜಾರಿತು, ಅವಳು ಜಾರಲಿಲ್ಲ. ಎರಡೂ ಕೈ ಚಾಪೆಗೆ ಊರಿ ಒಬ್ಬಳೇ ಕೂತಿದ್ದಳು. ನನ್ನನ್ನು ನೋಡಿ "ಬಾ" ಅಂದಳು.

ಫೋನು ಕೈಗೆತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. ಯಾರಿಗೂ ಹೇಳಲಿಲ್ಲ. ಸಂಜೆ ಅವಳ ತಾಯಿಯ ಚಪ್ಪಲಿ ಸದ್ದು ಕೇಳಿದಾಗ ಮಗುವನ್ನು ಬಾಗಿಲಿಗೆ ಎದುರಾಗಿ ಕೂರಿಸಿ ಅಡುಗೆಮನೆಗೆ ಹೋಗಿಬಿಟ್ಟೆ.

"ಅಕ್ಕಾ! ಓಡಿ ಬನ್ನಿ! ಕೂತಿದ್ದಾಳೆ ಅಕ್ಕಾ!"

"ಅಯ್ಯೋ, ಈಗಲಾ?" ಅಂತ ಓಡಿಬಂದೆ. "ನಾನು ನೋಡೇ ಇಲ್ಲವಲ್ಲ!" ಅವಳು ನನ್ನ ಹೆಗಲಿಗೆ ಮುಖವಿಟ್ಟು ಅತ್ತಳು. ಇಷ್ಟು ವರ್ಷದಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಅದೊಂದಕ್ಕೆ ನನಗೆ ನಾಚಿಕೆ ಇಲ್ಲ.

ಮುಂದಿನ ವರ್ಷ ಅವಳು ಸೇಲಂಗೆ ವರ್ಗ ಕೇಳಿ ಪಡೆದಳು. ಅಲ್ಲಿ ಮಗುವಿಗೆ ಒಳ್ಳೆಯ ಚಿಕಿತ್ಸೆ ಸಿಗುತ್ತಿತ್ತು. ಹೋಗಬೇಡ ಅನ್ನುವುದು ಹೇಗೆ? ಹೋದ ಮೇಲೆ ಎಷ್ಟೋ ದಿನ, ಎಣ್ಣೆ ಬಟ್ಟಲು ತೆಗೆದುಕೊಂಡು ಚಾಪೆಯ ಹತ್ತಿರ ಬಂದು ನಿಂತು, ಮತ್ತೆ ಒಳಗಿಟ್ಟಿದ್ದೇನೆ.

ಹೋದ ತಿಂಗಳು ನಮ್ಮವರ ಬಸ್ಸಲ್ಲೇ ಸೇಲಂಗೆ ಹೋದೆ. ಹುಡುಗಿ ಗೋಡೆ ಹಿಡಿದುಕೊಂಡು ನಡೆದು ಬಾಗಿಲಿಗೆ ಬಂದಳು. ಎತ್ತರವಾಗಿದ್ದಾಳೆ. "ಬಾ ನನ್ನವ್ವ," ಅಂದೆ. ಅವಳು ತಾಯಿಯ ಕಡೆ ತಿರುಗಿ ತಮಿಳಲ್ಲಿ ಕೇಳಿದಳು: "ಅಮ್ಮಾ, ಇವಂಗ ಎನ್ನ ಸೊಲ್ರಾಂಗ?" ಏನು ಹೇಳ್ತಿದ್ದಾರೆ ಇವರು ಅಂತ. ಇಡೀ ವಾಕ್ಯ, ಒಂದು ಅಕ್ಷರವೂ ತೊದಲಲಿಲ್ಲ. ತಾಯಿಗೆ ಮುಜುಗರವಾಯಿತು. ನಾನು ಮಾತ್ರ ಆ ಮಾತನ್ನು ಇನ್ನೊಂದು ಸಲ ಹೇಳಿಸಿ ಕೇಳಿದೆ. ಕಾಫಿ ಕುಡಿದೆ, ತಂದಿದ್ದ ಕಡಲೆಮಿಠಾಯಿ ಅವಳ ಕೈಗಿಟ್ಟೆ. ಒಂದು ತುಂಡು ಮುರಿದು ನನಗೂ ಕೊಟ್ಟಳು. ಮಡಿಲಿಗೆ ಮಾತ್ರ ಬರಲಿಲ್ಲ.