ನಾನು ಜೋಡಿಸದೆ ಬಿಟ್ಟ ಫಿಲ್ಟರ್

ಮಗ್ಗದ ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡುವ ಯಂತ್ರದ ಜೊತೆ ಬಂದಿದ್ದ ಪುಟ್ಟ ಫಿಲ್ಟರ್ ಡಬ್ಬಿಯನ್ನು ನಾನು ಜೋಡಿಸಲಿಲ್ಲ. ಒಂದು ಕಡೆ ಹೊಕ್ಕ ಕರೆಂಟು ಇನ್ನೊಂದು ಕಡೆ ಹಾಗೆಯೇ ಬರುತ್ತದೆ, ಇದಕ್ಕೇನು ಕೆಲಸ ಎಂದುಕೊಂಡು ಗೋಡೆಯ ಮಾಡದಲ್ಲಿಟ್ಟೆ. ನಾನು ಶಾಲೆ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಜೊತೆಗಿದ್ದ ಕಾಗದವನ್ನು ಯಾರಿಂದಲಾದರೂ ಓದಿಸಬಹುದಿತ್ತು, ಓದಿಸಲಿಲ್ಲ.

ಇಳಕಲ್ಲಿನ ನಮ್ಮ ಮನೆಯಲ್ಲಿ ಅಕ್ಕ ಮಗ್ಗದ ಪಕ್ಕದಲ್ಲೇ ಕೂತು ಕಂಡಿಕೆಗೆ ನೂಲು ಸುತ್ತುತ್ತಾಳೆ. ನನಗೆ ನೇಯ್ಗೆ ಕಲಿಸಿದವಳೂ ಅವಳೇ. ಮೋಟಾರು ಶುರುವಾದರೆ ಕೇಳಿಸಲೆಂದು ತಾನು ಕಿವಿಗೆ ಹಾಕಿಕೊಳ್ಳುವ ಮಷೀನಿನಲ್ಲಿ ಜೇನುಹುಳ ಹೊಕ್ಕಂತಾಗುತ್ತದೆ ಎಂದಳು.

"ನಿನ್ನ ಕಿವಿನ ಕೆಟ್ಟೈತಿ, ಮೋಟಾರಿಗ್ಯಾಕ ಬೈತಿ?" ಎಂದು ನಕ್ಕೆ.

ಅವಳು ಮಷೀನು ತೆಗೆದಿಟ್ಟಳು. ಏನೂ ಸರಿಯಾಗಿ ಕೇಳಿಸದೆ ಎರಡು ವರ್ಷ ನಮ್ಮ ಮಾತುಕತೆಯಿಂದಲೇ ದೂರ ಉಳಿದಳು.

ಕಳೆದ ತಿಂಗಳು ಬಾಗಲಕೋಟೆಯ ದವಾಖಾನೆಯಲ್ಲಿ ಅಕ್ಕನ ಕಿವಿ ಪರೀಕ್ಷೆ ಮಾಡಿದ ಮೇಡಂ, ಮನೆಯಲ್ಲಿ ಗುಂಯ್ ಎನ್ನುವ ಸಂಗತಿ ಕೇಳಿ, ಮಷೀನು ಸರಿಯಾಗಿಯೇ ಇದೆ ಎಂದರು. "ಮನ್ಯಾಗ ಮೋಟಾರ್ ಐತೇನ್ರಿ? ಫಿಲ್ಟರ್ ಹಚ್ಚೀರೇನು? ಕರೆಂಟಿನ ಒಂದು ಸಾಮಾನು ಇನ್ನೊಂದಕ್ಕ ಕಾಟ ಕೊಡಬಾರದಂತ ನಿಯಮ ಮಾಡ್ಯಾರ್ರಿ. ಅದಕ್ಕ ಆ ಡಬ್ಬಿ ಕೊಟ್ಟಿರ್ತಾರ." ಆ ಒಂದು ಪ್ರಶ್ನೆಗೆ ನಾನು ಅವರಿಗೆ ಸದಾ ಋಣಿ.

ಮನೆಗೆ ಬಂದು ಡಬ್ಬಿ ಜೋಡಿಸಿ ಮೋಟಾರು ಹಚ್ಚಿದೆ. ಅಕ್ಕ ಮಷೀನು ಹಾಕಿಕೊಂಡು ಕೇಳಿಸಿಕೊಂಡಳು.

"ಈಗ ಗುಂಯ್ ಅನ್ನವಲ್ದು" ಎಂದಳು. ಬೈಯಲಿಲ್ಲ, ನಕ್ಕಳು.

ಮೋಟಾರು ನಿಲ್ಲಿಸಿ ಅವಳೆದುರು ಕೂತೆ. "ಅಕ್ಕಾ, ನೀ ಖರೆ ಹೇಳಿದ್ದಿ, ನಾ ನಂಬಲಿಲ್ಲ. ತಪ್ಪು ನಂದ. ಕ್ಷಮಾ ಮಾಡು."